ಅಲ್ಲಿ ಯಾರಾದ್ರೂ ಗೊತ್ತಾ?

ಬೆಂಗಳೂರಿನಲ್ಲಿ ಸರ್ಕಾರಿ ಕೆಲಸಕ್ಕೆ ಹೊರಟವರು ಮೊದಲು ಕೇಳುವ ಮಾತು ಒಂದೇ. ‘ಅಲ್ಲಿ ಯಾರಾದ್ರೂ ಗೊತ್ತಾ?’ ಖಾತಾ ಬದಲಾಗಬೇಕು, ಯಾರಾದ್ರೂ ಗೊತ್ತಾ? ಮಗುವಿನ ಜನನ ಪತ್ರದಲ್ಲಿ ಹೆಸರು ತಪ್ಪಾಗಿದೆ, ಯಾರಾದ್ರೂ ಗೊತ್ತಾ? ಮನೆ ಮುಂದಿನ ಮರದ ಒಣ ಕೊಂಬೆ ಇನ್ನೇನು ತಲೆ ಮೇಲೆ ಬೀಳುವ ಹಾಗಿದೆ, ಯಾರಾದ್ರೂ ಗೊತ್ತಾ? ಗೊತ್ತಿರುವವರು ಸಿಕ್ಕರೆ ಅರ್ಧ ಕೆಲಸ ಆದ ಹಾಗೆ ಅಂತ ನಾವೆಲ್ಲ ನಂಬಿದ್ದೇವೆ. ನಾನೂ ಎಷ್ಟೋ ಸಲ ಹೀಗೆ ಕೇಳಿದ್ದೇನೆ. ಎಷ್ಟೋ ಜನ ನನ್ನನ್ನು ಕೇಳಿದ್ದಾರೆ.

ಈ ಪ್ರಶ್ನೆಯನ್ನು ಈಗ ಗಂಭೀರವಾಗಿ ತೆಗೆದುಕೊಳ್ಳಬೇಕಾದ ಸಮಯ ಬಂದಿದೆ. 2025ರ ಸೆಪ್ಟೆಂಬರ್ 2ರಿಂದ ಬೆಂಗಳೂರಿಗೆ ಒಂದರ ಬದಲು ಐದು ಪಾಲಿಕೆಗಳಾಗಿವೆ. ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ಐದರ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅಂದರೆ ಜಿಬಿಎ. ಅದಕ್ಕೆ ಮುಖ್ಯಮಂತ್ರಿಯೇ ಅಧ್ಯಕ್ಷರು. ಅಲ್ಲಿಯ ತನಕ ಇದ್ದ ಒಂದೇ ಪಾಲಿಕೆಯ ಹೆಸರು ಬಿಬಿಎಂಪಿ. ಅದು ಬೋರ್ಡುಗಳಿಂದ ಇಳಿಯಿತು. ಆಡಳಿತ ಜನರಿಗೆ ಹತ್ತಿರವಾಗಬೇಕು, ಅದಕ್ಕೇ ಈ ಬದಲಾವಣೆ ಅಂತ ಸರ್ಕಾರ ಹೇಳಿತು. ಹತ್ತಿರವಾಯಿತೋ ಇಲ್ಲವೋ ಅಂತ ಅಳೆಯಲು ನನಗೆ ಗೊತ್ತಿರುವ ಅಳತೆಗೋಲು ಇದೇ: ಯಾರೂ ಗೊತ್ತಿಲ್ಲದ ಒಬ್ಬರು, ಬರೀ ಅರ್ಜಿ ಹಿಡಿದು ಹೋದರೆ, ಅವರ ಕೆಲಸ ಆಗುತ್ತದೆಯೇ?

ಮೊದಲು ಯಾವ ಕೆಲಸ ಯಾರದು ಅಂತ ನೋಡೋಣ. ಒಂದು ಸಾಧಾರಣ ಬೀದಿ ಮೂಲೆ ನೆನೆಸಿಕೊಳ್ಳಿ. ಕರೆಂಟ್ ಕಂಬ ವಿದ್ಯುತ್ ಕಂಪನಿಯಾದ ಬೆಸ್ಕಾಂನದು. ಅದೇ ಕಂಬದ ಮೇಲಿನ ಬೀದಿದೀಪ ಪಾಲಿಕೆಯದು. ಫುಟ್‌ಪಾತಿನ ಕಲ್ಲು ಚಪ್ಪಡಿ ಪಾಲಿಕೆಯದು, ಚಪ್ಪಡಿ ಕೆಳಗಿನ ಮಳೆನೀರಿನ ಚರಂಡಿಯೂ ಪಾಲಿಕೆಯದು. ಆದರೆ ಅಲ್ಲೇ ಪಕ್ಕದಲ್ಲಿ ಮಣ್ಣಿನೊಳಗಿರುವ ಒಳಚರಂಡಿ ಮತ್ತು ಕುಡಿಯುವ ನೀರಿನ ಪೈಪು ಜಲಮಂಡಳಿಯದು. ಬಸ್ಸು ಬಿಎಂಟಿಸಿಯದು. ಸಿಗ್ನಲ್ ನೋಡಿಕೊಳ್ಳುವವರು ಸಂಚಾರ ಪೊಲೀಸರು. ಬೆಳಗ್ಗೆ ಕಸ ತೆಗೆದುಕೊಳ್ಳುವ ಆಟೊ ಟಿಪ್ಪರ್, ಘನತ್ಯಾಜ್ಯಕ್ಕೆಂದೇ ಮಾಡಿದ ಒಂದು ಪ್ರತ್ಯೇಕ ಕಂಪನಿಯ ಕೈಕೆಳಗೆ. ಆ ಮೂಲೆಯಲ್ಲಿ ಗುಂಡಿ ತೋಡಿ ಮುಚ್ಚದೆ ಹೋದರೆ, ತೋಡಿದವರು ಯಾರು ಅಂತ ಕಂಡುಹಿಡಿಯುವುದೇ ಮೊದಲ ಕೆಲಸ.

ದೂರು ಕೊಡಲು ನಂಬರ್‌ಗಳಿವೆ. ಪಾಲಿಕೆಗೆ 1533, ಕರೆಂಟಿಗೆ 1912, ನೀರು ಮತ್ತು ಒಳಚರಂಡಿಗೆ 1916. ಇವನ್ನು ಫೋನಿನಲ್ಲಿ ಉಳಿಸಿಕೊಳ್ಳಿ, ಉಪಯೋಗಕ್ಕೆ ಬರುತ್ತವೆ. ಕರೆ ಮಾಡಿದರೆ ದೂರಿನ ಸಂಖ್ಯೆ ಕೊಡುತ್ತಾರೆ. ಅದನ್ನು ಬರೆದಿಟ್ಟುಕೊಳ್ಳಬೇಕು. ಮುಂದೆ ಯಾರ ಹತ್ತಿರ ಮಾತಾಡುವಾಗಲೂ ‘ಇಂಥ ದಿನ, ಇಂಥ ಸಂಖ್ಯೆ’ ಅಂತ ಹೇಳಿದರೆ ನಿಮ್ಮ ಮಾತಿಗೆ ತೂಕ ಬರುತ್ತದೆ.

ಇಷ್ಟೊಂದು ಸಂಸ್ಥೆಗಳು ಒಂದೇ ಸಲ ಹುಟ್ಟಿದ್ದಲ್ಲ. ಜಲಮಂಡಳಿ 1964ರದ್ದು, ಬಡಾವಣೆ ಮಾಡುವ ಬಿಡಿಎ 1976ರದ್ದು, ಬಿಎಂಟಿಸಿ 1997ರದ್ದು. ಪ್ರತಿಯೊಂದಕ್ಕೂ ಆ ಕಾಲದಲ್ಲಿ ಕಾರಣ ಇತ್ತು. ಆದರೆ ಇವು ಯಾವುವೂ ನಗರದ ಜನ ಆರಿಸಿದ ಪಾಲಿಕೆಗೆ ಉತ್ತರ ಕೊಡಬೇಕಿಲ್ಲ. ಎಲ್ಲವೂ ರಾಜ್ಯ ಸರ್ಕಾರಕ್ಕೆ ಉತ್ತರ ಕೊಡುತ್ತವೆ. ಹಾಗಾಗಿ ವಾರ್ಡಿನ ಕಾರ್ಪೊರೇಟರ್‌ಗೆ ನೀರಿನ ದೂರು ಹೇಳಿದರೆ ಅವರೂ ಜಲಮಂಡಳಿಯ ಇಂಜಿನಿಯರ್‌ಗೆ ಫೋನ್ ಮಾಡಿ ಕೇಳಿಕೊಳ್ಳಬೇಕು. ಅವರಿಗೂ ಅಲ್ಲಿ ಯಾರಾದರೂ ಗೊತ್ತಿರಬೇಕು!

ಈ ಹಂಚಿಹೋದ ಹೊಣೆಯ ಬೆಲೆ ಏನು ಅಂತ ತಿಳಿಯಲು ನಗರದ ಅಂಚಿಗೆ ಹೋಗಬೇಕು. 2007ರಲ್ಲಿ ಹಳೆಯ ಮಹಾನಗರ ಪಾಲಿಕೆಗೆ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಮಾಡಿದರು. ಆ 110 ಹಳ್ಳಿಗಳವರು ಅವತ್ತಿನಿಂದ ಬೆಂಗಳೂರಿಗರು. ನಗರದ ದರದಲ್ಲಿ ಆಸ್ತಿ ತೆರಿಗೆ ಕಟ್ಟಿದರು. ಅವರಿಗೆಂದೇ ಮಾಡಿದ ಕಾವೇರಿ ಐದನೇ ಹಂತದ ನೀರು ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು. ದಿನಕ್ಕೆ 77.5 ಕೋಟಿ ಲೀಟರ್ ಎತ್ತುವ ದೊಡ್ಡ ಯೋಜನೆ ಅದು, ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಬರುವ ನೀರು. ಒಳ್ಳೆಯ ಕೆಲಸ. ಆದರೆ ನಡುವೆ 17 ವರ್ಷ ಹೋಯಿತು. ಬಿಬಿಎಂಪಿ ಆದ ವರ್ಷ ಹುಟ್ಟಿದ ಮಗು ಪಿಯುಸಿಗೆ ಬಂದಿತ್ತು. ಅಲ್ಲಿಯ ತನಕ ಆ ಮನೆಗಳವರು ಬೋರ್‌ವೆಲ್, ಟ್ಯಾಂಕರ್ ಅಂತ ದುಡ್ಡು ಸುರಿದರು. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿದಾಗ ಏನಾಯಿತು ಅಂತ ಎಲ್ಲರಿಗೂ ನೆನಪಿದೆ, ಅಲ್ವಾ? ಹಳ್ಳಿಯನ್ನು ನಗರಕ್ಕೆ ಸೇರಿಸುವ ಆದೇಶ ಒಂದು ಕಡೆಯಿಂದ ಬರುತ್ತದೆ. ನೀರು ಕೊಡಬೇಕಾದವರು ಇನ್ನೊಂದು ಕಡೆ ಇರುತ್ತಾರೆ.

ಈಗ ಕಾರ್ಪೊರೇಟರ್ ವಿಷಯಕ್ಕೆ ಬರೋಣ. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ನಗರ ಸಂಸ್ಥೆಯ ಅವಧಿ ಐದು ವರ್ಷ. ಆ ಐದು ವರ್ಷ ಮುಗಿಯುವ ಮೊದಲೇ ಮುಂದಿನ ಚುನಾವಣೆ ಮುಗಿದಿರಬೇಕು. ಇದು ಸಲಹೆಯಲ್ಲ, ಸಂವಿಧಾನದ 243ಯು ವಿಧಿ. ಬಿಬಿಎಂಪಿಗೆ ಚುನಾವಣೆ ನಡೆದದ್ದು ಎರಡೇ ಸಲ, 2010ರಲ್ಲಿ ಮತ್ತು 2015ರಲ್ಲಿ. ಎರಡನೇ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಆಮೇಲೆ ಆಡಳಿತಾಧಿಕಾರಿ ಬಂದರು. ಆ ಡಿಸೆಂಬರಿನಲ್ಲಿ ಹೈಕೋರ್ಟ್ ಚುನಾವಣೆ ನಡೆಸಿ ಅಂತ ಹೇಳಿತು, ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ವಾರ್ಡ್‌ಗಳ ಸಂಖ್ಯೆ 198ರಿಂದ 243 ಆಯಿತು, ಸರ್ಕಾರ ಬದಲಾದ ಮೇಲೆ 225 ಆಯಿತು, ಈಗ ಐದು ಪಾಲಿಕೆ ಸೇರಿ 369. ಪ್ರತಿ ಸಲ ಗಡಿ ಎಳೆದಾಗಲೂ ಆಕ್ಷೇಪಣೆ, ಕೋರ್ಟು, ಮತ್ತೆ ಹೊಸ ಗಡಿ. ಹೀಗೆ ಐದು ವರ್ಷ, ಅಂದರೆ ಒಂದು ಪೂರ್ತಿ ಕೌನ್ಸಿಲ್‌ನ ಅವಧಿಯಷ್ಟು ಕಾಲ, ಯಾವ ವಾರ್ಡಿಗೂ ಕಾರ್ಪೊರೇಟರ್ ಇಲ್ಲದೆ ಕಳೆದುಹೋಯಿತು. ಯಾವ ಒಂದು ಪಕ್ಷದ ಸರ್ಕಾರವೂ ಈ ತಪ್ಪನ್ನು ಒಬ್ಬಂಟಿಯಾಗಿ ಮಾಡಲಿಲ್ಲ. ಬಂದವರೆಲ್ಲ ಪಾಲು ತೆಗೆದುಕೊಂಡಿದ್ದಾರೆ.

2025-26ಕ್ಕೆ ಬಿಬಿಎಂಪಿ ಮಂಡಿಸಿದ ಕೊನೆಯ ಬಜೆಟ್ ಸುಮಾರು 20 ಸಾವಿರ ಕೋಟಿ ರೂಪಾಯಿಯದು. ಅದನ್ನು ಓದಿದವರು ಅಧಿಕಾರಿಗಳು, ಒಪ್ಪಿದವರೂ ಅಧಿಕಾರಿಗಳು. ‘ನಮ್ಮ ವಾರ್ಡಿನ ಶಾಲೆಗೆ ಯಾಕೆ ಏನೂ ಇಲ್ಲ?’ ಅಂತ ಎದ್ದು ನಿಂತು ಕೇಳುವ ಒಬ್ಬ ಸದಸ್ಯರೂ ಆ ಕೋಣೆಯಲ್ಲಿರಲಿಲ್ಲ. ಇದು ನನಗೆ ನಿಜಕ್ಕೂ ನೋವು ಕೊಡುವ ಸಂಗತಿ. ಪ್ರಾಮಾಣಿಕ, ಚುರುಕು ಅಧಿಕಾರಿಗಳು ಬೇಕಾದಷ್ಟು ಜನ ಇದ್ದಾರೆ. ಆದರೆ ವರ್ಗಾವಣೆಯಾಗಿ ಹೋಗುವ ಅಧಿಕಾರಿಗೆ ನಮ್ಮ ಬೀದಿಯ ಮುಂದಿನ ಚುನಾವಣೆಯ ಭಯವಿರುವುದಿಲ್ಲ.

ಕಾರ್ಪೊರೇಟರ್‌ಗಳೆಲ್ಲ ದೇವರಾಗಿದ್ದರು ಅಂತ ನಾನು ಹೇಳುತ್ತಿಲ್ಲ. ಕಾಂಟ್ರ್ಯಾಕ್ಟರ್ ಜೊತೆ ಕೈಜೋಡಿಸಿದವರನ್ನೂ ನೋಡಿದ್ದೇವೆ. ಆದರೂ ಅವರ ಮನೆ ವಾರ್ಡಿನಲ್ಲೇ ಇರುತ್ತಿತ್ತು. ಬೆಳಗ್ಗೆ ಏಳಕ್ಕೆ ಹೋದರೆ ಬಾಗಿಲಲ್ಲಿ ಹತ್ತು ಜನ ನಿಂತಿರುತ್ತಿದ್ದರು. ‘ಅಣ್ಣ, ನಲ್ಲೀಲಿ ಮೋರಿ ನೀರು ಬರ್ತಿದೆ’ ಅಂತ ಯಾರು ಬೇಕಾದರೂ ಹೇಳಬಹುದಿತ್ತು. ಇಂಗ್ಲಿಷ್ ಬಾರದವರಿಗೆ, ಆ್ಯಪ್ ಬಳಸಲು ಬಾರದವರಿಗೆ, ಕಚೇರಿ ಮೆಟ್ಟಿಲು ಹತ್ತಲು ಅಂಜುವವರಿಗೆ ಆ ಬಾಗಿಲೇ ಪಾಲಿಕೆಯಾಗಿತ್ತು. ‘ಗೊತ್ತಿರುವವರು’ ಅನ್ನುವ ಮಾತಿನಲ್ಲಿ ಬಡವರ ಪಾಲಿಗೆ ಇದ್ದ ಒಬ್ಬರು ಅವರೇ. ಆ ಬಾಗಿಲು ಮುಚ್ಚಿದ ಮೇಲೆ ಶಾಸಕರ ಕಚೇರಿಗೆ ಹೋಗಬೇಕಾಯಿತು. ವಿಧಾನಸಭೆಯಲ್ಲಿ ಕಾನೂನು ಮಾಡಬೇಕಾದವರು ಚರಂಡಿ ಹೂಳಿನ ದೂರು ಕೇಳುತ್ತ ಕೂತರು.

ಒಬ್ಬ ಕಾರ್ಪೊರೇಟರ್ ಒಳ್ಳೆಯವರಾಗಿರುವುದರ ಮೇಲೆ ಮಾತ್ರ ಇಡೀ ವಾರ್ಡು ನಿಂತಿರಬಾರದು ಅಂತಲೇ ಸಂವಿಧಾನದಲ್ಲಿ ಇನ್ನೊಂದು ಏರ್ಪಾಡಿದೆ. ಅದು ವಾರ್ಡ್ ಸಮಿತಿ. ಮೂರು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನಸಂಖ್ಯೆಯ ನಗರದಲ್ಲಿ ವಾರ್ಡ್ ಸಮಿತಿ ಇರಲೇಬೇಕು. ಕರ್ನಾಟಕದಲ್ಲಿ 2016ರಲ್ಲಿ ಇದರ ನಿಯಮಗಳು ಬಂದವು. ಆ ನಿಯಮಗಳ ಪ್ರಕಾರ ಕಾರ್ಪೊರೇಟರ್ ಅಧ್ಯಕ್ಷರು, ಜೊತೆಗೆ ಹತ್ತು ಜನ ನಿವಾಸಿಗಳು. ಅವರಲ್ಲಿ ಕನಿಷ್ಠ ಮೂವರು ಹೆಂಗಸರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿಗಳ ಸಂಘದವರು. ತಿಂಗಳಿಗೊಂದು ಸಭೆ. ವಾರ್ಡಿನ ಅಭಿವೃದ್ಧಿ ಯೋಜನೆ ಮಾಡುವುದು, ಕಸ, ಬೀದಿದೀಪ, ಫುಟ್‌ಪಾತ್, ಕೆರೆ ನೋಡಿಕೊಳ್ಳುವುದು, ಜನರ ದೂರು ಕೇಳುವುದು ಅದರ ಕೆಲಸ.

ಕಾಗದದ ಮೇಲೆ ಇದು ಎಷ್ಟು ಚೆನ್ನಾಗಿದೆ ಅಂದರೆ, ಇಷ್ಟು ವರ್ಷ ಯಾಕೆ ನಡೆಯಲಿಲ್ಲ ಅಂತ ಆಶ್ಚರ್ಯವಾಗುತ್ತದೆ. ನಡೆಯದೆ ಇದ್ದದ್ದಕ್ಕೆ ಕಾರಣ ಸರಳ. ತಮ್ಮ ವಾರ್ಡಿನ ದುಡ್ಡಿನ ಲೆಕ್ಕವನ್ನು ಹತ್ತು ಜನರ ಮುಂದೆ ಇಡುವುದು ಹೆಚ್ಚಿನ ಕಾರ್ಪೊರೇಟರ್‌ಗಳಿಗೆ ಬೇಕಿರಲಿಲ್ಲ. ನಾಗರಿಕ ಸಂಘಟನೆಗಳು ಕೋರ್ಟಿಗೆ ಹೋದವು. ಕಸದ ಪ್ರಕರಣದ ವಿಚಾರಣೆಯಲ್ಲಿ ಹೈಕೋರ್ಟ್ ವಾರ್ಡ್ ಸಮಿತಿಗಳನ್ನು ಮಾಡಲೇಬೇಕು ಅಂತ ಹಟ ಹಿಡಿಯಿತು. ಕೊನೆಗೆ 2018ರ ಡಿಸೆಂಬರಿನಿಂದ ಪ್ರತಿ ತಿಂಗಳ ಮೊದಲ ಶನಿವಾರ ಸಭೆ ಅಂತ ನಿಗದಿಯಾಯಿತು.

ದಿನ ನಿಗದಿಯಾದದ್ದು ಚಿಕ್ಕ ವಿಷಯದ ಹಾಗೆ ಕಾಣುತ್ತದೆ. ನನ್ನ ಮಟ್ಟಿಗೆ ಅದು ದೊಡ್ಡದು. ‘ಸಭೆ ಯಾವಾಗ ಸಾರ್?’ ಅಂತ ಯಾರನ್ನೂ ಕೇಳಬೇಕಿರಲಿಲ್ಲ. ಮೊದಲ ಶನಿವಾರ ಅಂದರೆ ಮೊದಲ ಶನಿವಾರ. ಹೋಗಿ ಕೂರಬಹುದಿತ್ತು. ಅಲ್ಲಿ ಪಾಲಿಕೆ ಇಂಜಿನಿಯರ್, ಜಲಮಂಡಳಿಯವರು, ಬೆಸ್ಕಾಂನವರು ಒಂದೇ ಕೋಣೆಯಲ್ಲಿ ಸಿಕ್ಕರೆ ಗುಂಡಿ ತೋಡಿದವರು ಯಾರು ಅನ್ನುವ ಪ್ರಶ್ನೆಗೆ ಅಲ್ಲೇ ಉತ್ತರ. ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುವುದು ಕಷ್ಟ, ಯಾಕೆಂದರೆ ಆ ಇನ್ನೊಬ್ಬರು ಎದುರಿಗೇ ಕೂತಿರುತ್ತಾರೆ. ಮಾತಾಡಿದ್ದನ್ನು ನಡಾವಳಿಯಲ್ಲಿ ಬರೆದರೆ ಮುಂದಿನ ತಿಂಗಳು ‘ಹೋದ ಸಲ ಹೀಗೆ ಹೇಳಿದ್ರಿ’ ಅಂತ ಕೇಳಬಹುದು. ಕೌನ್ಸಿಲ್ ಹೋದ ಮೇಲೆ ವಾರ್ಡಿಗೊಬ್ಬ ನೋಡಲ್ ಅಧಿಕಾರಿಯನ್ನು ನೇಮಿಸಿ ಈ ಸಭೆಗಳನ್ನು ಮುಂದುವರಿಸುವ ಪ್ರಯತ್ನವೂ ನಡೆಯಿತು. ಜನ ಬಿಡದೆ ಬಂದ ಕೆಲವು ವಾರ್ಡುಗಳಲ್ಲಿ ಅದು ಜೀವಂತವಾಗಿತ್ತು. ಬೇರೆ ಕಡೆ ಬೋರ್ಡಿಗೆ ಮಾತ್ರ ಉಳಿಯಿತು.

ನಾಗರಿಕರು, ಕಾನೂನು ಮತ್ತು ಪಾಲಿಕೆ ಒಟ್ಟಿಗೆ ಬಂದರೆ ಏನಾಗುತ್ತದೆ ಅನ್ನುವುದಕ್ಕೆ ಕಸದ ಕತೆಗಿಂತ ಒಳ್ಳೆಯ ಉದಾಹರಣೆ ಬೆಂಗಳೂರಿನಲ್ಲಿಲ್ಲ. 2012ರಲ್ಲಿ, ನಗರದ ಕಸ ಹೋಗಿ ಬೀಳುತ್ತಿದ್ದ ಮಾವಳ್ಳಿಪುರದ ಜನ ಇನ್ನು ನಿಮ್ಮ ಕಸ ಬೇಡ ಅಂದರು. ಅವರ ಬಾವಿ ನೀರು ಕೆಟ್ಟಿತ್ತು. ನಗರದ ಬೀದಿಗಳಲ್ಲಿ ಕಸ ಗುಡ್ಡೆ ಬಿತ್ತು. ಲಾರಿಗಳು ಮಂಡೂರಿನ ಕಡೆ ತಿರುಗಿದವು. ಮಂಡೂರಿನವರೂ ಬೀದಿಗಿಳಿದರು, 2014ರ ಕೊನೆಗೆ ಅಲ್ಲಿಗೂ ಕಸ ಹೋಗುವುದು ನಿಂತಿತು. ಅಲ್ಲಿಯ ತನಕ ನಗರದವರಿಗೆ ಕಸ ಅಂದರೆ ಬಾಗಿಲಿನಿಂದ ಆಚೆ ಹೋದರೆ ಮುಗಿಯಿತು ಅನ್ನುವ ಭಾವನೆ. ಅದು ಇನ್ನೊಬ್ಬರ ಹೊಲದ ಪಕ್ಕ ಹೋಗಿ ಬೀಳುತ್ತದೆ ಅಂತ ಆ ಎರಡು ಊರಿನ ಜನ ನಮಗೆ ಕಲಿಸಿದರು.

ಆಮೇಲೆ ಆದದ್ದನ್ನು ನೋಡಿ. ಹೈಕೋರ್ಟ್ ಮನೆಯಲ್ಲೇ ಕಸ ಬೇರೆ ಮಾಡಿ ಅಂತ ಆದೇಶ ಕೊಟ್ಟಿತು. ಹಸಿಕಸಕ್ಕೆ ಹಸಿರು ಬುಟ್ಟಿ, ಡೈಪರ್, ಪ್ಯಾಡ್‌ನಂಥ ಕಸಕ್ಕೆ ಕೆಂಪು ಬುಟ್ಟಿ, ಒಣಕಸಕ್ಕೆ ಒಂದು ಚೀಲ. ಬಡಾವಣೆಗಳಲ್ಲಿ ಹೆಂಗಸರು ಗುಂಪು ಕಟ್ಟಿಕೊಂಡು ಮನೆಮನೆಗೆ ಹೋಗಿ ಹೇಳಿಕೊಟ್ಟರು. ಕಾಂಪೋಸ್ಟ್ ಸಂತೆ ನಡೆಸಿದರು, ಬಾಲ್ಕನಿಯಲ್ಲಿ ಗೊಬ್ಬರ ಮಾಡುವ ಮಡಕೆ ತೋರಿಸಿದರು. ವಾರ್ಡುಗಳಲ್ಲಿ ಒಣಕಸ ಸಂಗ್ರಹ ಕೇಂದ್ರಗಳು ಬಂದವು. ಅವುಗಳಲ್ಲಿ ಎಷ್ಟನ್ನೋ ಮೊದಲು ಬೀದಿಯಲ್ಲಿ ಚಿಂದಿ ಆಯುತ್ತಿದ್ದವರೇ ನಡೆಸುತ್ತಿದ್ದಾರೆ. ಹಸಿರು ದಳದಂಥ ಸಂಘಟನೆಗಳ ಹೋರಾಟದಿಂದ ಪಾಲಿಕೆ ಅವರಿಗೆ ಗುರುತಿನ ಚೀಟಿ ಕೊಟ್ಟಿತು. ಪೊಲೀಸರು ಕಳ್ಳರ ಹಾಗೆ ನೋಡುತ್ತಿದ್ದ ಜನ ಒಂದು ಸೇವೆ ನಡೆಸುವವರಾದರು. ಗುತ್ತಿಗೆಯಲ್ಲಿ ದುಡಿಯುತ್ತಿದ್ದ ಪೌರಕಾರ್ಮಿಕರು ವರ್ಷಗಟ್ಟಲೆ ಹೋರಾಡಿದರು. 2025ರ ಮೇ 1ರಂದು ಅವರಲ್ಲಿ ಹನ್ನೆರಡು ಸಾವಿರಕ್ಕೂ ಜಾಸ್ತಿ ಜನರಿಗೆ ಕಾಯಂ ನೇಮಕಾತಿ ಪತ್ರ ಸಿಕ್ಕಿತು. ಬೆಳಗಿನ ಜಾವ ಪೊರಕೆ ಹಿಡಿಯುವ ಕೈಗಳಿಗೆ ಸಂಬಳದ ಭರವಸೆ ಬಂದದ್ದು ಈ ನಗರ ಹೆಮ್ಮೆ ಪಡಬೇಕಾದ ವಿಷಯ.

ಸಮಸ್ಯೆ ಮುಗಿದಿಲ್ಲ. 2025ರ ಏಪ್ರಿಲ್‌ನಿಂದ ಆಸ್ತಿ ತೆರಿಗೆ ಜೊತೆ ಕಸದ ಶುಲ್ಕವನ್ನೂ ಕಟ್ಟುತ್ತಿದ್ದೇವೆ. ಮನೆಯ ಅಳತೆ ನೋಡಿ ತಿಂಗಳಿಗೆ 10 ರೂಪಾಯಿಯಿಂದ 400 ರೂಪಾಯಿ ತನಕ. ದುಡ್ಡು ಕಟ್ಟಿದ ಮೇಲೆ ಟಿಪ್ಪರ್ ದಿನಾ ಬರಬೇಕು ಅಂತ ಕೇಳುವ ಹಕ್ಕು ಇನ್ನೂ ಗಟ್ಟಿಯಾಗುತ್ತದೆ. ಅದೇ ವರ್ಷ ಅಕ್ಟೋಬರ್ ಕೊನೆಯಲ್ಲಿ, ಬೀದಿಯಲ್ಲಿ ಕಸ ಎಸೆದವರ ಮನೆ ಮುಂದೆಯೇ ಕಸ ಸುರಿಯುವ ಕಾರ್ಯಕ್ರಮ ನಡೆಸಿದರು. ಬಹಳ ಜನ ಮೆಚ್ಚಿದರು. ನನಗೆ ಅದು ಸರಿ ಕಾಣಲಿಲ್ಲ. ಬೆಳಗ್ಗೆ ಆರಕ್ಕೇ ಕೆಲಸಕ್ಕೆ ಹೋಗುವ ಗಂಡ ಹೆಂಡತಿ, ಒಂಬತ್ತಕ್ಕೆ ಬರುವ ಟಿಪ್ಪರ್‌ಗೆ ಕಸ ಹೇಗೆ ಕೊಡಬೇಕು? ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ನಾಲ್ಕು ಜನ ಇದ್ದಾಗ ಎರಡು ದಿನದ ಹಸಿಕಸವನ್ನು ಎಲ್ಲಿಡಬೇಕು? ಮೂಲೆಯಲ್ಲಿ ಕಸ ಬೀಳುತ್ತಿದ್ದರೆ ಅಲ್ಲಿ ಸಂಜೆ ಒಂದು ಗಾಡಿ ನಿಲ್ಲಿಸಿ ನೋಡಬೇಕಿತ್ತು. ಬೀದಿಯ ಜನರನ್ನು ಕೇಳಿದ್ದರೆ ಇದು ತಿಳಿಯುತ್ತಿತ್ತು. ಕೇಳುವ ಜಾಗವೇ ವಾರ್ಡ್ ಸಮಿತಿ.

ಇನ್ನು ಪಾಲಿಕೆ ನಡೆಸುವ ಜನೋಪಯೋಗಿ ಕಾರ್ಯಕ್ರಮಗಳು. ಇಂದಿರಾ ಕ್ಯಾಂಟೀನ್ 2017ರ ಆಗಸ್ಟ್‌ನಲ್ಲಿ ಶುರುವಾಯಿತು. ತಿಂಡಿಗೆ 5 ರೂಪಾಯಿ, ಊಟಕ್ಕೆ 10. ಕಟ್ಟಡ ಕೆಲಸದವರು, ಆಟೊ ಓಡಿಸುವವರು, ಊರಿನಿಂದ ಆಸ್ಪತ್ರೆಗೆ ಬಂದವರು, ಒಬ್ಬರೇ ಇರುವ ಅಜ್ಜಂದಿರು, ಕೋಚಿಂಗ್‌ಗೆ ಬಂದ ಹುಡುಗರು, ಎಲ್ಲರೂ ಅದೇ ಸಾಲಿನಲ್ಲಿ ನಿಲ್ಲುತ್ತಾರೆ. ನನಗೆ ಇದು ಯಾಕೆ ಇಷ್ಟ ಅಂದರೆ, ಇಲ್ಲಿ ಯಾರೂ ಯಾವ ಕಾರ್ಡನ್ನೂ ಕೇಳುವುದಿಲ್ಲ. ಹಸಿವಿದ್ದರೆ ಸಾಕು, ಗೊತ್ತಿರುವವರು ಬೇಡ. ನಗರದ ಎಲ್ಲ ಸೇವೆಗಳಲ್ಲಿ ‘ಯಾರಾದ್ರೂ ಗೊತ್ತಾ’ ಅನ್ನುವ ಪ್ರಶ್ನೆಯೇ ಹುಟ್ಟದ ಒಂದು ಜಾಗ ಇದು.

‘ನಮ್ಮ ಕ್ಲಿನಿಕ್’ ಅನ್ನುವ ಸರ್ಕಾರಿ ಚಿಕಿತ್ಸಾ ಕೇಂದ್ರಗಳು ಕೂಡ ಹಾಗೇ ಆಗಬಹುದು. ಬೆಂಗಳೂರಿನಲ್ಲಿ ಆಗಿನ 243 ವಾರ್ಡುಗಳ ಲೆಕ್ಕದಲ್ಲಿ ವಾರ್ಡಿಗೊಂದರಂತೆ ಮಂಜೂರಾದವು. ಎಂಬಿಬಿಎಸ್ ಡಾಕ್ಟರು, ನರ್ಸ್, ಲ್ಯಾಬ್ ಪರೀಕ್ಷೆ, ಔಷಧಿ, ಎಲ್ಲ ಪುಕ್ಕಟೆ. ಬಿಪಿ, ಶುಗರ್ ಇರುವವರಿಗೆ ತಿಂಗಳ ಮಾತ್ರೆಯ ಖರ್ಚು ಉಳಿದರೆ ಅದು ಸಣ್ಣ ಮೊತ್ತವಲ್ಲ. ಆದರೆ ಶುರುವಿನಲ್ಲಿ ಇಟ್ಟ ಸಮಯ ಬೆಳಗ್ಗೆ 9ರಿಂದ ಸಂಜೆ 4.30. ದಿನಗೂಲಿ ಬಿಟ್ಟು ಯಾರು ಆ ಹೊತ್ತಿಗೆ ಬರುತ್ತಾರೆ? ಕೂಲಿಯವರು ಜಾಸ್ತಿ ಇರುವ ಪ್ರದೇಶದಲ್ಲಿ ಸಂಜೆ ಕ್ಲಿನಿಕ್ ಬೇಕು. ಯಾವ ಪ್ರದೇಶ ಅಂಥದ್ದು ಅಂತ ಕೇಂದ್ರ ಕಚೇರಿಯಲ್ಲಿ ಕೂತು ಹೇಳುವುದು ಕಷ್ಟ.

ಬಹಳ ಜನರಿಗೆ ಗೊತ್ತಿಲ್ಲದ ಇನ್ನೊಂದು ಹಣವಿದೆ. ರಾಜ್ಯದ ನಗರ ಸಂಸ್ಥೆಗಳು ತಮ್ಮ ಹಣದಲ್ಲಿ ಶೇ 24.10ರಷ್ಟನ್ನು ಪರಿಶಿಷ್ಟ ಜಾತಿ, ಪಂಗಡದವರಿಗೆ, ಶೇ 7.25ರಷ್ಟನ್ನು ಇತರ ಬಡವರಿಗೆ, ಶೇ 5ರಷ್ಟನ್ನು ಅಂಗವಿಕಲರಿಗೆ ಅಂತ ತೆಗೆದಿಡಬೇಕು. ಹೊಲಿಗೆ ಯಂತ್ರ, ಮನೆ ಕಟ್ಟಲು ನೆರವು, ವಿದ್ಯಾರ್ಥಿಗಳಿಗೆ ಶುಲ್ಕ, ಅಂಗವಿಕಲರಿಗೆ ವಾಹನ, ಇವೆಲ್ಲ ಈ ಹಣದಿಂದ ಬರುವವು. ಅರ್ಜಿ ಕರೆಯುವುದು ಕೆಲವೇ ದಿನ. ಆ ಸುದ್ದಿ ಯಾರ ಕಿವಿಗೆ ಬಿತ್ತೋ ಅವರು ಅರ್ಜಿ ಹಾಕುತ್ತಾರೆ. ಮನೆಕೆಲಸಕ್ಕೆ ಹೋಗುವ ಅಕ್ಕನಿಗೆ ಪಾಲಿಕೆ ವೆಬ್‌ಸೈಟ್ ನೋಡಲು ಪುರುಸೊತ್ತೂ ಇಲ್ಲ, ಅದರ ಭಾಷೆಯೂ ಅರ್ಥವಾಗುವುದಿಲ್ಲ. ಯಾರಿಗಾಗಿ ಹಣ ಇಟ್ಟಿದ್ದಾರೋ ಅವರಿಗೇ ಸುದ್ದಿ ಕೊನೆಗೆ ತಲುಪುತ್ತದೆ. ಅಂಗನವಾಡಿಯ ಗೋಡೆ, ರೇಷನ್ ಅಂಗಡಿ, ಇಂದಿರಾ ಕ್ಯಾಂಟೀನ್, ಈ ಮೂರು ಕಡೆ ಒಂದು ಹಾಳೆ ಅಂಟಿಸಿದರೆ ಸಾಕು. ಇದಕ್ಕೆ ದೊಡ್ಡ ಯೋಜನೆ ಏನೂ ಬೇಡ.

ನೀವು ತೆರಿಗೆ ಕಟ್ಟುವವರಾದರೆ ನಿಮ್ಮ ರಸೀದಿಯನ್ನು ಒಮ್ಮೆ ಬಿಡಿಸಿ ಓದಿ. ಆಸ್ತಿ ತೆರಿಗೆ ಮೇಲೆ ಉಪಕರಗಳಿರುತ್ತವೆ. ಆರೋಗ್ಯಕ್ಕೆ ಶೇ 15, ಗ್ರಂಥಾಲಯಕ್ಕೆ ಶೇ 6, ಭಿಕ್ಷುಕರ ಪುನರ್ವಸತಿಗೆ ಶೇ 3. ಅಂದರೆ 10,000 ರೂಪಾಯಿ ತೆರಿಗೆ ಇದ್ದರೆ 600 ರೂಪಾಯಿ ನೇರವಾಗಿ ಲೈಬ್ರರಿಗೆ ಅಂತಲೇ ಕಟ್ಟಿರುತ್ತೀರಿ. ನಿಮ್ಮ ಬಡಾವಣೆಯ ಸಾರ್ವಜನಿಕ ಗ್ರಂಥಾಲಯಕ್ಕೆ ಕೊನೆಯ ಸಲ ಯಾವಾಗ ಹೋಗಿದ್ದಿರಿ? ಅಲ್ಲಿ ಕೆಎಎಸ್, ಪೊಲೀಸ್ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಒಂದು ಕುರ್ಚಿಗಾಗಿ ಬೆಳಗ್ಗೆಯೇ ಬಂದು ಕಾಯುತ್ತಾರೆ. ಉಪಕರವನ್ನು ಸಂಗ್ರಹಿಸುವುದು ಪಾಲಿಕೆ, ಅದು ಹೋಗಬೇಕಾದದ್ದು ಗ್ರಂಥಾಲಯ ಇಲಾಖೆಗೆ. ಪಾಲಿಕೆಯಿಂದ ಬಾಕಿ ಬಂದಿಲ್ಲ ಅನ್ನುವ ಸುದ್ದಿ ಎಷ್ಟೋ ವರ್ಷಗಳಿಂದ ಪತ್ರಿಕೆಗಳಲ್ಲಿ ಬರುತ್ತಲೇ ಇದೆ. ಲೈಬ್ರರಿಗೆ ಅಂತ ಕಟ್ಟಿದ ದುಡ್ಡಿನ ಲೆಕ್ಕ ಕೇಳುವುದು ತೆರಿಗೆದಾರರ ಕೆಲಸವೇ.

ಅರ್ಜಿಗಳ ವಿಷಯದಲ್ಲಿ ಗೊತ್ತಿರುವವರ ಅಗತ್ಯವನ್ನು ಕಾನೂನಿನಿಂದಲೇ ತೆಗೆದುಹಾಕುವ ಪ್ರಯತ್ನ ಕರ್ನಾಟಕದಲ್ಲಿ ಆಗಲೇ ಆಗಿದೆ. ಅದೇ ಸಕಾಲ. 2011ರ ಕಾಯ್ದೆ, 2012ರ ಏಪ್ರಿಲ್‌ನಿಂದ ರಾಜ್ಯದ ತುಂಬ ಜಾರಿ. ಅರ್ಜಿ ಕೊಟ್ಟಾಗ 15 ಅಂಕಿಯ ಜಿಎಸ್‌ಸಿ ಸಂಖ್ಯೆ ಸಿಗಬೇಕು. ಅವತ್ತಿನಿಂದ ದಿನ ಎಣಿಕೆ ಶುರು. ಹೇಳಿದ ದಿನದೊಳಗೆ ಕೆಲಸ ಆಗದಿದ್ದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿ ತನಕ ಪರಿಹಾರ. ಆ ಹಣ ತಡ ಮಾಡಿದ ಅಧಿಕಾರಿಯ ಸಂಬಳದಿಂದ ಹೋಗಬೇಕು. ಇಷ್ಟು ಒಳ್ಳೆಯ ಕಾನೂನು ಇದ್ದೂ ಜನ ಬಳಸುವುದು ಕಡಿಮೆ. ಒಂದು ಕಾರಣ, ಪರಿಹಾರ ಕೇಳಿದರೆ ಮುಂದಿನ ಕೆಲಸಕ್ಕೆ ತೊಂದರೆ ಕೊಟ್ಟಾರು ಅನ್ನುವ ಅಂಜಿಕೆ. ಇನ್ನೊಂದು, ‘ನಾಳೆ ಬನ್ನಿ’ ಅಂತ ಅರ್ಜಿಯನ್ನೇ ತೆಗೆದುಕೊಳ್ಳದಿದ್ದರೆ ಎಣಿಕೆ ಶುರುವಾಗುವುದೇ ಇಲ್ಲ. ಹಾಗಾಗಿ ಸಂಖ್ಯೆ ಕೇಳಿ ಪಡೆಯುವುದೇ ಮುಖ್ಯ. ಅಂದ ಹಾಗೆ, ಮಗು ಹುಟ್ಟಿದ 21 ದಿನದೊಳಗೆ ನೋಂದಣಿ ಆದರೆ ಶುಲ್ಕವಿಲ್ಲ. 2023ರ ಅಕ್ಟೋಬರ್ 1ರಂದು ಅಥವಾ ಅದರ ನಂತರ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್ ಎಲ್ಲಕ್ಕೂ ಜನನ ಪತ್ರವೇ ಮೂಲ ದಾಖಲೆ. ಆಸ್ಪತ್ರೆಯಿಂದ ಮನೆಗೆ ಬರುವ ಮೊದಲೇ ಅಪ್ಪ ಅಮ್ಮನ ಹೆಸರಿನ ಅಕ್ಷರ ಸರಿಯಾಗಿದೆಯೇ ಅಂತ ನೋಡಿಕೊಂಡರೆ ಮುಂದೆ ಹತ್ತು ಸಲ ಅಲೆಯುವುದು ತಪ್ಪುತ್ತದೆ.

ಆನ್‌ಲೈನ್ ಬಂದ ಮೇಲೆ ಎಲ್ಲ ಸುಲಭವಾಯಿತು ಅಂತ ಒಂದು ಮಾತಿದೆ. ಸ್ವಲ್ಪ ನಿಜ. ತೆರಿಗೆ ಕಟ್ಟಲು ಈಗ ಯಾರೂ ಸಾಲಿನಲ್ಲಿ ನಿಲ್ಲುವುದಿಲ್ಲ. 2024ರ ಅಕ್ಟೋಬರಿನಿಂದ ಆಸ್ತಿ ನೋಂದಣಿಗೆ ಇ-ಖಾತಾ ಕಡ್ಡಾಯವಾಯಿತು. ಮೋಸದ ಮಾರಾಟ ತಡೆಯಲು ಅದು ಒಳ್ಳೆಯ ಹೆಜ್ಜೆ. ಆದರೆ ವಯಸ್ಸಾದ ತಾಯಿ ಹೆಸರಿನ ಮೂವತ್ತು ವರ್ಷದ ಹಳೆಯ ಪತ್ರವನ್ನು ಸ್ಕ್ಯಾನ್ ಮಾಡಿ, ಆಧಾರ್ ಜೋಡಿಸಿ, ಹೆಸರಿನ ಒಂದಕ್ಷರದ ವ್ಯತ್ಯಾಸಕ್ಕೆ ಉತ್ತರ ಕೊಡುವುದು ಸುಮ್ನೆ ಆಗುವ ಕೆಲಸವಲ್ಲ. ಆಗ ಜನ ಸೈಬರ್ ಸೆಂಟರ್‌ಗೆ ಓಡುತ್ತಾರೆ, ಇಲ್ಲ ‘ಮಾಡಿಸಿಕೊಡುವವರ’ ಹತ್ತಿರ ಹೋಗುತ್ತಾರೆ. ಬೆಂಗಳೂರು ಒನ್ ಕೇಂದ್ರಗಳು ಸುಮಾರು ಇಪ್ಪತ್ತು ವರ್ಷದಿಂದ ಮಾಡುತ್ತಿರುವ ಕೆಲಸ ಇದಕ್ಕೇ ಬೆಲೆಬಾಳುತ್ತದೆ. ಅಲ್ಲಿ ಕೌಂಟರಿನ ಆಚೆ ಒಬ್ಬ ಮನುಷ್ಯರು ಇರುತ್ತಾರೆ. ನಿಗದಿಯಾದ ಶುಲ್ಕ ಬರೆದಿರುತ್ತದೆ. ಅಂಥ ಕೌಂಟರುಗಳು ಇನ್ನೂ ಜಾಸ್ತಿ ಬೇಕು.

ಈಗ ಹೊಸ ಐದು ಪಾಲಿಕೆಗಳ ಲೆಕ್ಕ. 2011ರ ಜನಗಣತಿಯಲ್ಲಿ ಬಿಬಿಎಂಪಿಯ ಜನಸಂಖ್ಯೆ ಸುಮಾರು 84 ಲಕ್ಷ. ಆಮೇಲೆ ಜನಗಣತಿಯೇ ಆಗದೆ ಅದನ್ನೇ ಇಟ್ಟುಕೊಂಡು ಲೆಕ್ಕ ಹಾಕಬೇಕು. 198 ವಾರ್ಡ್ ಇದ್ದಾಗ ವಾರ್ಡಿಗೆ ಸರಾಸರಿ 42 ಸಾವಿರ ಜನ. 369 ವಾರ್ಡಿಗೆ ಹಂಚಿದರೆ 23 ಸಾವಿರದ ಹತ್ತಿರ. ಈಗಿನ ನಿಜವಾದ ಜನಸಂಖ್ಯೆ ಇದಕ್ಕಿಂತ ಬಹಳ ಜಾಸ್ತಿ, ಆದರೂ ವಾರ್ಡು ಚಿಕ್ಕದಾಗಿದೆ ಅನ್ನುವುದು ನಿಜ. ಚಿಕ್ಕ ವಾರ್ಡಿನಲ್ಲಿ ಕಾರ್ಪೊರೇಟರ್‌ಗೆ ಬೀದಿ ಬೀದಿಯ ಪರಿಚಯ ಇರುವುದು ಸಾಧ್ಯ. ಇದು ಹೊಸ ವ್ಯವಸ್ಥೆಯಲ್ಲಿ ನಾನು ಪೂರ್ತಿ ಮನಸ್ಸಿನಿಂದ ಒಪ್ಪುವ ಸಂಗತಿ.

ಒಪ್ಪಲಾಗದ್ದೂ ಇದೆ. ದೊಡ್ಡ ರಸ್ತೆ, ದೊಡ್ಡ ಯೋಜನೆ, ನೀರು, ಕರೆಂಟು, ಸಾರಿಗೆಯ ಹೊಂದಾಣಿಕೆ ಎಲ್ಲ ಜಿಬಿಎ ಕಡೆ. ಬೇರೆ ಬೇರೆ ಸಂಸ್ಥೆಗಳು ಒಂದೇ ಮೇಜಿಗೆ ಬರಲಿ ಅನ್ನುವ ಉದ್ದೇಶ ಸರಿ. ಆದರೆ ಆ ಮೇಜಿನ ತಲೆಯಲ್ಲಿ ಮುಖ್ಯಮಂತ್ರಿ, ಪಕ್ಕದಲ್ಲಿ ಬೆಂಗಳೂರು ಅಭಿವೃದ್ಧಿ ಸಚಿವರು. ಇಡೀ ರಾಜ್ಯದ ಹೊಣೆ ಹೊತ್ತವರಿಗೆ ಒಂದು ನಗರದ ಚರಂಡಿಗೆ ಎಷ್ಟು ಸಮಯ ಸಿಗುತ್ತದೆ? ಐದು ಪಾಲಿಕೆಗಳಿಗೆ ಸಿಗುವ ತೆರಿಗೆಯೂ ಒಂದೇ ಸಮ ಇರುವುದಿಲ್ಲ. ಐಟಿ ಕಂಪನಿಗಳಿರುವ ಪೂರ್ವಕ್ಕೂ, ಹಳೆಯ ಚಿಕ್ಕ ಮನೆಗಳು ಒತ್ತಿಕೊಂಡಿರುವ ಬಡಾವಣೆಗಳಿಗೂ ಆದಾಯದಲ್ಲಿ ಬಹಳ ವ್ಯತ್ಯಾಸ. ಕಡಿಮೆ ಬಿದ್ದ ಕಡೆ ಜಿಬಿಎ ಮತ್ತು ರಾಜ್ಯ ಸರ್ಕಾರ ಹೇಗೆ ತುಂಬಿಕೊಡುತ್ತವೆ ಅನ್ನುವುದನ್ನು ಪ್ರತಿ ಬಜೆಟ್‌ನಲ್ಲೂ ಗಮನಿಸಬೇಕು.

ಓಟು ಕೇಳಲು ಬಾಗಿಲಿಗೆ ಬರುವವರನ್ನು ನಾನು ಮೂರು ಪ್ರಶ್ನೆ ಕೇಳಬೇಕು ಅಂದುಕೊಂಡಿದ್ದೇನೆ. ವಾರ್ಡ್ ಸಮಿತಿಯ ಸಭೆ ಯಾವ ದಿನ, ಯಾವ ಜಾಗದಲ್ಲಿ? ಅದರ ನಡಾವಳಿಯನ್ನು ಎಲ್ಲಿ ಅಂಟಿಸುತ್ತೀರಿ? ಜಲಮಂಡಳಿ ಮತ್ತು ಬೆಸ್ಕಾಂನವರನ್ನು ಆ ಸಭೆಗೆ ಕರೆಸುತ್ತೀರಾ?

ಅದಕ್ಕೂ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಗಡಿ ಬದಲಾದದ್ದರಿಂದ ಎಷ್ಟೋ ಬೀದಿಗಳು ಹಳೆಯ ವಾರ್ಡಿನಲ್ಲಿಲ್ಲ. ಎದುರು ಸಾಲಿನ ಮನೆಗಳು ಬೇರೆ ಪಾಲಿಕೆಗೇ ಹೋಗಿರಬಹುದು. ನಿಮ್ಮ ಮನೆ ಈಗ ಯಾವ ಪಾಲಿಕೆಯ ಯಾವ ವಾರ್ಡಿನಲ್ಲಿದೆ, ವಾರ್ಡ್ ಕಚೇರಿ ಎಲ್ಲಿದೆ ಅಂತ ನೋಡಿಕೊಳ್ಳಿ. ಪಕ್ಕದ ಮನೆಯ ಅಜ್ಜಿಗೂ, ನಿಮ್ಮ ಬೀದಿಯಲ್ಲಿ ಬಟ್ಟೆ ಇಸ್ತ್ರಿ ಮಾಡುವವರಿಗೂ ಒಂದು ಚೀಟಿಯಲ್ಲಿ ಅದನ್ನು ಬರೆದುಕೊಡಿ.